ಮೂಕಪ್ರಾಣಿಯ ಹೊಟ್ಟೆನೋವಿಗೆ ದುಡ್ಡು ಕೊಟ್ಟವರು ಯಾರು?

ನಮ್ಮ ಓದುವ ಮನೆಯವರು ಈ ಸಲದ ಪುಸ್ತಕಕ್ಕೆ ಒಂದು ಇತಿಹಾಸದ ಬರಹ ಕೊಡು ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಹೊಲದ ಕೆಲಸ, ಬಿಡುವಾದಾಗ ಪದ ಹಾಡೋದು, ಇಷ್ಟೇ ನನ್ನ ಬದುಕು. ರಾಜರ ಇತಿಹಾಸ ಬರೆಯೋಕೆ ಮೇಷ್ಟ್ರುಗಳಿದ್ದಾರೆ. ನಾನು ಬೇರೆ ಒಂದು ಇತಿಹಾಸ ಬರೀತೀನಿ. ನಮ್ಮ ಬ್ರಹ್ಮಸಮುದ್ರದ ಸುತ್ತಮುತ್ತಿನ ಸೀಮೆಯಲ್ಲಿ ಸಾಕಿದ ಪ್ರಾಣಿಗೆ ಹೊಟ್ಟೆ ಕೆಟ್ಟಾಗ ಏನು ಮಾಡ್ತಿದ್ದರು, ಅದರ ಖರ್ಚು ಯಾರ ತಲೆ ಮೇಲೆ ಬೀಳ್ತಿತ್ತು ಅನ್ನೋದು. ಇದನ್ನು ಬರೆಯೋಕೆ ಕಾರಣ ಒಂದು ಮೊಲ. ಅದರ ಕಥೆ ಮೊದಲು ಹೇಳಿಬಿಡ್ತೀನಿ.

ನನ್ನ ಮಗ ಬೆಂಗಳೂರಲ್ಲಿ ಗಾರೆ ಕೆಲಸ ಮಾಡ್ತಾನೆ. ಹೋದ ವರ್ಷ ಯುಗಾದಿಗೆ ಊರಿಗೆ ಬಂದಾಗ ಮಗಳಿಗೆ ಅಂತ ಒಂದು ಜೊತೆ ಬಿಳಿ ಮೊಲ ತಂದ. ಜೊತೆಗೆ ಆರುನೂರು ರೂಪಾಯಿ ಕೊಟ್ಟಿದ್ದನಂತೆ. ನನ್ನ ಮೊಮ್ಮಗಳು ಆರನೇ ಕ್ಲಾಸು. ಬಡಿಯಲ್ಲಿ ತೆಲುಗು ಓದ್ತಾಳೆ, ಮನೆಯಲ್ಲಿ ಕನ್ನಡ ಆಡ್ತಾಳೆ, ಕನ್ನಡ ಅಕ್ಷರ ಕಲಿತದ್ದು ಇದೇ ಓದುವ ಮನೆಯಲ್ಲಿ. ಅವಳು ಮೊಲಗಳಿಗೆ ಮಲ್ಲಿ, ಬೆಳ್ಳಿ ಅಂತ ಹೆಸರಿಟ್ಟಳು. ಕೋಳಿ ಗೂಡನ್ನು ತೊಳೆದು ಅವಕ್ಕೆ ಮನೆ ಮಾಡಿದಳು. ಮನೆಗೆ ಬಂದವರೆಲ್ಲ ಪ್ರೀತಿಗೆ ಏನಾದರೂ ತಿನ್ನಿಸೋರು. ಬಿಸ್ಕತ್ತು, ಅನ್ನ, ನೆನೆಸಿದ ಕಡಲೆ, ಮುದ್ದೆ ಚೂರು. ಅವು ತಿನ್ನೋದು ನೋಡೋಕೆ ಚೆಂದ. ಹುಲ್ಲು ಹಾಕೋದು ಕಮ್ಮಿ ಆಯ್ತು. ಅದು ತಪ್ಪು ಅಂತ ನಮಗೆ ಯಾರಿಗೂ ಹೊಳೀಲಿಲ್ಲ.

ಒಂದಿನ ಸಂಜೆ ಮಲ್ಲಿ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಮೇವು ಮುಟ್ಟಲಿಲ್ಲ. ಹಲ್ಲು ಕಡಿಯೋ ಸದ್ದು ಸಣ್ಣಗೆ ಕೇಳ್ತಿತ್ತು. ಕಿವಿ ತಣ್ಣಗಿತ್ತು. ಗೂಡಿನಲ್ಲಿ ನೋಡಿದರೆ ಬೆಳಗಿನಿಂದ ಒಂದು ಹಿಕ್ಕೆ ಹಾಕಿಲ್ಲ. ಹೊಟ್ಟೆ ಮುಟ್ಟಿದೆ, ತಮಟೆ ಹಂಗೆ ಬಿಗಿ. ನಾನು ಕುರಿ ಕಂಡವನು, ಇದು ಉಬ್ಬರ ಅಂದುಕೊಂಡೆ. ಓಮ, ಇಂಗು ಕುದಿಸಿ, ಅದಕ್ಕೆ ಎಣ್ಣೆ ಸೇರಿಸಿ ಬಾಯಿಗೆ ಬಿಟ್ಟೆ. ಅದು ಒದ್ದಾಡಿತು. ಒಂದಿಷ್ಟು ಮೂಗಿನಿಂದ ಬಂತು. ನೆತ್ತಿಗೆ ಹತ್ತಿತ್ತು.

ರಾತ್ರಿ ಎಂಟಾಗಿತ್ತು. ಪೇಟೆಯಲ್ಲಿ ಸಣ್ಣ ಪ್ರಾಣಿ ನೋಡೋ ಡಾಕ್ಟರು ಇದ್ದಾರೆ ಅಂತ ಯಾರೋ ಅಂದರು. ಮಗನಿಗೆ ಫೋನ್ ಮಾಡಿದೆವು. “ಅಪ್ಪಾ, ಮುನ್ನೂರು ರೂಪಾಯಿ ಮೊಲಕ್ಕೆ ಸಾವಿರ ರೂಪಾಯಿ ಆಟೋನಾ? ಆಮೇಲೆ ಡಾಕ್ಟರ ಫೀಜು ಬೇರೆ” ಅಂದ. ಸೊಸೆ “ಮಾವ, ಹುಡುಗಿ ಊಟ ಮಾಡಿಲ್ಲ” ಅಂದಳು. ಅದು ಇದು ಮಾತಾಡ್ತಾ ಹತ್ತು ಗಂಟೆ ಆಯ್ತು. ಕಡೆಗೆ “ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ” ಅಂತ ತೀರ್ಮಾನ ಮಾಡಿದ್ದು ನಾನೇ. ಬೆಳಿಗ್ಗೆ ಹೋದೆವು. ಡಾಕ್ಟರು ಮುಟ್ಟಿ ನೋಡಿ, “ರಾತ್ರಿನೇ ತರಬೇಕಿತ್ತು ಯಜಮಾನ್ರೆ” ಅಂದರು. ಸೂಜಿ ಹಾಕಿದರು, ಚರ್ಮದ ಕೆಳಗೆ ನೀರು ಏರಿಸಿದರು. ಒಂಬೈನೂರು ರೂಪಾಯಿ ಆಯ್ತು. ವಾಪಸ್ಸು ಬರ್ತಾ ಬಸ್ಸಲ್ಲೇ ಮಲ್ಲಿ ಹುಡುಗಿಯ ತೊಡೆ ಮೇಲೆ ಪ್ರಾಣ ಬಿಟ್ಟಿತು.

ಬಾವಿ ಪಕ್ಕ ಬೇವಿನ ಗಿಡದ ಕೆಳಗೆ ಹೂತೆವು. ಅವಳು ಅಳಲಿಲ್ಲ. “ತಾತ, ಅದು ಕುರಿ ಆಗಿದ್ರೆ ರಾತ್ರಿನೇ ಹೋಗ್ತಿದ್ವಾ?” ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಆಮೇಲೆ ಬಹಳ ದಿನ ಅದನ್ನೇ ಯೋಚನೆ ಮಾಡಿದೆ. ಕುರಿಗಾದರೂ, ಎತ್ತಿಗಾದರೂ ನಮ್ಮ ಹಿರಿಯರು ಏನು ಮಾಡ್ತಿದ್ದರು? ಗೊತ್ತಿದ್ದ ಹಿರಿಯರನ್ನು ಕೇಳಿದೆ, ಮೇಷ್ಟ್ರುಗಳನ್ನು ಕೇಳಿದೆ, ಇಲ್ಲಿನ ಪುಸ್ತಕ ತಿರುವಿದೆ. ತಿಳಿದದ್ದು ಇದು.

ಹಳೆ ಕಾಲದಲ್ಲಿ ಊರಿಗೆ ಹನ್ನೆರಡು ಜನ ಆಯಗಾರರು ಅಂತ ಇದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರದವರು, ಜೋಯಿಸ, ಅಕ್ಕಸಾಲಿ. ಊರೂರಿಗೆ ಒಂದೆರಡು ಹೆಸರು ಹೆಚ್ಚುಕಮ್ಮಿ. ಇವರಿಗೆ ದಿನದ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯ ತಗೊಂಡು ಹೋಗೋರು. ನೇಗಿಲು ಮುರಿದರೆ ಬಡಗಿಗೆ ಆಯ ಉಂಟು, ಕುಳ ಸವೆದರೆ ಕಮ್ಮಾರನಿಗೆ ಆಯ ಉಂಟು. ಆದರೆ ನೇಗಿಲು ಎಳೆಯೋ ಎತ್ತಿಗೆ ಹೊಟ್ಟೆ ಉಬ್ಬಿದರೆ ನೋಡೋನಿಗೆ ಆಯ ಇಲ್ಲ. ನಾವು ಕೇಳಿಕೊಂಡು ಬಂದ ಆ ಹನ್ನೆರಡರಲ್ಲಿ ದನದ ವೈದ್ಯನ ಹೆಸರೇ ಇಲ್ಲ.

ಹಂಗಂತ ವಿದ್ಯೆ ಇರಲಿಲ್ಲ ಅಂತ ಅಲ್ಲ. ಸುಮಾರು 900 ವರ್ಷದ ಹಿಂದೆ ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಅನ್ನೋನು ‘ಗೋವೈದ್ಯ’ ಅಂತ ಕನ್ನಡದಲ್ಲಿ ಗ್ರಂಥ ಬರೆದಿದ್ದಾನೆ. ದನದ ರೋಗಕ್ಕೆ ಔಷಧಿ, ಜೊತೆಗೆ ಮಂತ್ರ, ಎರಡೂ ಅದರಲ್ಲಿ ಉಂಟು. ಅರಮನೆಯ ಮನುಷ್ಯ ಕೂತು ದನದ ಕಾಯಿಲೆ ಬಗ್ಗೆ ಬರೆದ ಅಂದರೆ ಅದು ದೊಡ್ಡ ವಿಷಯವೇ. ಆದರೆ ಹಳ್ಳಿಯಲ್ಲಿ ಆ ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ, ಕೈಯಲ್ಲಿತ್ತು.

ನಮ್ಮ ಸೀಮೆ ಮಳೆ ಕಮ್ಮಿ ಸೀಮೆ. ಕುರಿ ಮೇಕೆ ನಂಬಿ ಬದುಕಿದವರು ಬಹಳ. ಕುರುಬರು, ಗೊಲ್ಲರು, ಬೇಡರು, ಎಲ್ಲರ ಹಟ್ಟಿಯಲ್ಲೂ ಕುರಿ ನೋಡೋ ಕೈ ಒಂದಿರ್ತಿತ್ತು. ಅವರಿಗೆ ಗೊತ್ತಿದ್ದದ್ದು ಇದು: ಮೆಲುಕು ಹಾಕೋ ಪ್ರಾಣಿಯ ದೊಡ್ಡ ಹೊಟ್ಟೆ ಎಡಗಡೆ. ಅಲ್ಲಿ ಮೇವು ಹುಳಿಯುತ್ತೆ, ಗಾಳಿ ಹುಟ್ಟುತ್ತೆ, ಆ ಗಾಳಿ ತೇಗಿನಲ್ಲಿ ಹೊರಗೆ ಹೋಗ್ತಾ ಇರಬೇಕು. ತೇಗು ನಿಂತರೆ ಎಡ ಪಕ್ಕೆಯ ಗುಳಿ ತುಂಬಿ ಬೆನ್ನಿನ ಸಮ ಏಳುತ್ತೆ. ಉಸಿರು ಸಿಗೋದಿಲ್ಲ. ಹೊತ್ತು ಮೀರಿದರೆ ಪ್ರಾಣ ಹೋಗುತ್ತೆ. ಅದಕ್ಕೇ ಮುಂಗಾಲು ಎತ್ತರಕ್ಕೆ ನಿಲ್ಲಿಸೋರು. ಬಾಯಿಗೆ ಅಡ್ಡ ಕಡ್ಡಿ ಕಟ್ಟೋರು, ಅದು ಅಗಿದು ಅಗಿದು ತೇಗು ಬರಲಿ ಅಂತ. ಬಿದಿರ ಗೊಟ್ಟದಲ್ಲಿ ಎಣ್ಣೆ ಹಾಕೋರು, ಒಳಗಿನ ನೊರೆ ಒಡೀಲಿ ಅಂತ. ಬರೆ ಹಾಕೋದೂ ಇತ್ತು, ಅದರಿಂದ ನೋವು ಬಿಟ್ಟು ಬೇರೆ ಏನೂ ಆಗ್ತಿರಲಿಲ್ಲ ಅಂತ ಈಗ ಅನ್ನಿಸುತ್ತೆ. ಮಳೆ ಕೈ ಕೊಟ್ಟು ಬಾಡಿದ ಎಳೆ ಜೋಳದ ಹೊಲಕ್ಕೆ ದನ ನುಗ್ಗಿದರೆ ಅದು ಬರೀ ಉಬ್ಬರ ಅಲ್ಲ, ವಿಷ ಅನ್ನೋದೂ ಗೊತ್ತಿತ್ತು. ಎಳೆ ಜೋಳದಲ್ಲಿ ಸೈನೈಡ್ ವಿಷ ಇರುತ್ತೆ ಅಂತ ಇವತ್ತು ಡಾಕ್ಟರು ಹೇಳ್ತಾರೆ. ಹೆಸರು ಗೊತ್ತಿಲ್ಲದಿದ್ದರೂ ನಮ್ಮ ಅಪ್ಪ ಜೋಳ ಮೊಣಕಾಲು ಮಟ್ಟ ಇರುವಾಗ ದನವನ್ನು ಆ ಕಡೆ ಬಿಡ್ತಿರಲಿಲ್ಲ.

ಈ ಕೈವೈದ್ಯರು ದುಡ್ಡು ಮುಟ್ಟೋರಲ್ಲ. ದುಡ್ಡು ತಗೊಂಡರೆ ಕೈಗುಣ ಹೋಗುತ್ತೆ ಅನ್ನೋ ನಂಬಿಕೆ. ಎಲೆ ಅಡಿಕೆ, ತೆಂಗಿನಕಾಯಿ, ಅಷ್ಟೇ. ಇದನ್ನು ಕೇಳಿದರೆ ಎಂಥಾ ಧರ್ಮ ಅನ್ನಿಸುತ್ತೆ. ನಾನೂ ಹಂಗೇ ಅಂದುಕೊಂಡಿದ್ದೆ. ಆದರೆ ಮೊಮ್ಮಗಳ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಯೋಚಿಸಿದರೆ ಇನ್ನೊಂದು ಕಾಣುತ್ತೆ. ಅವನು ತನ್ನ ಹೊಲದ ಕೆಲಸ ಬಿಟ್ಟು ರಾತ್ರಿ ಎದ್ದು ಬರೋನು. ಅವನ ಕೂಲಿಯ ನಷ್ಟ ಅವನ ಮನೆಯವರು ತಿಂದರು. ಅಂದರೆ ಖರ್ಚು ಇರಲಿಲ್ಲ ಅಂತಲ್ಲ. ಖರ್ಚು ಇತ್ತು, ಅದನ್ನು ಒಬ್ಬ ಬಡವ ಸದ್ದಿಲ್ಲದೆ ಹೊತ್ತಿದ್ದ. ಅಂಥವನ ಮಗ ಆ ವಿದ್ಯೆ ಕಲೀಲಿಲ್ಲ ಅಂದರೆ ಅವನ ತಪ್ಪು ಏನಿದೆ?

ಒಂದು ಪ್ರಾಣಿಗೆ ಬಂದ ಹೊಟ್ಟೆನೋವು ಒಂದು ಮನೆಯದು. ಊರಿಗೆಲ್ಲ ಬಂದ ಹೊಟ್ಟೆಯ ಕಾಯಿಲೆ ಬೇರೆ. ದೊಡ್ಡರೋಗ ಅಂತ ಒಂದಿತ್ತು. ಬಾಯಲ್ಲಿ ಹುಣ್ಣು, ಕಣ್ಣಲ್ಲಿ ನೀರು, ಆಮೇಲೆ ಭೇದಿ. ಭೇದಿಯಲ್ಲೇ ಮೈನೀರೆಲ್ಲ ಹೋಗಿ ದನ ಸಾಯೋವು. ಹಟ್ಟಿ ಹಟ್ಟಿಯೇ ಬರಿದಾಗೋದು. ಅದು ಬಂತು ಅಂದರೆ ಮಾರಿ ಬಂತು ಅನ್ನೋರು. ಆಗ ಊರು ಸೇರೋದು. ನೇಗಿಲಿಗಿಷ್ಟು, ಮನೆಗಿಷ್ಟು ಅಂತ ಪಟ್ಟಿ ಹಾಕಿ, ಮಾರಿಗೆ ಪೂಜೆ ಮಾಡಿ ಗಡಿ ದಾಟಿಸೋರು. ರೋಗ ಅದರಿಂದ ಹೋಗ್ತಿರಲಿಲ್ಲ. ಆದರೆ ಮೂಕಪ್ರಾಣಿ ಕಾಯಿಲೆಗೆ ಊರೆಲ್ಲ ಸೇರಿ ದುಡ್ಡು ಹಾಕಿದ್ದು ಅದೊಂದೇ ಸಲ ನನಗೆ ಕಾಣೋದು. ವೈದ್ಯನಿಗೆ ಇಲ್ಲದ ಪಟ್ಟಿ ಮಾರಿಗೆ ಇತ್ತು.

ದೇವರ ದನದ ಸಂಗತಿಯೂ ಹಂಗೇ. ಗಡಿಯಾಚೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸನಾಯಕರು ದೇವರ ಎತ್ತು ಸಾಕ್ತಾರೆ. ಅದನ್ನು ದುಡಿಸೋ ಹಂಗಿಲ್ಲ, ಮಾರೋ ಹಂಗಿಲ್ಲ. ನೋಡಿಕೊಳ್ಳೋಕೆ ಕಿಲಾರಿ ಇರ್ತಾನೆ. ಖರ್ಚು ಕುಲದವರೆಲ್ಲರದು. ಕಾಡುಗೊಲ್ಲರು ಗಣೆ ಊದಿ ಜುಂಜಪ್ಪನ ಪದ ಹಾಡ್ತಾರೆ. ಜುಂಜಪ್ಪ ದನ ಕಾದ ವೀರ, ದನಕ್ಕೆ ಕಾಯಿಲೆ ಆದರೆ ಅವನಿಗೆ ಹರಕೆ. ಮ್ಯಾಸರ ಗಾದ್ರಿ ಪಾಲನಾಯಕನೂ ದನ ಕಾದವನೇ. ನಮ್ಮ ಪದಗಳಲ್ಲಿ ರಾಜರಿಗಿಂತ ದನಗಾರರಿಗೆ ದೊಡ್ಡ ಜಾಗ ಕೊಟ್ಟಿದ್ದೇವೆ ಅಂತ ಹಾಡುಗಾರನಾಗಿ ಹೇಳಬಲ್ಲೆ.

ಅರಮನೆಗಳು ತಮಗೆ ಬೇಕಾದ ದನಕ್ಕೆ ಖರ್ಚು ಮಾಡಿದವು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇತ್ತು. ಅದನ್ನೇ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಅಂತ ಕರೆದ. ಆ ಎತ್ತುಗಳು ದಂಡಿನ ತೋಪು, ಸಾಮಾನು ಎಳೆಯೋಕೆ. ಅವಕ್ಕೆ ಕಾವಲು ಭೂಮಿ, ಕಾಯೋಕೆ ಜನ, ಎಲ್ಲ ಸರ್ಕಾರದ್ದು. ರೈತನ ಎತ್ತಿಗೆ ಹಂಗೆ ಯಾರೂ ಇರಲಿಲ್ಲ.

ನಮ್ಮ ಸೀಮೆ 1800ರಲ್ಲಿ ನಿಜಾಮರ ಕೈಯಿಂದ ಇಂಗ್ಲಿಷ್ ಕಂಪನಿಗೆ ಹೋಯ್ತು. ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿದ್ದೆವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆ ಆಯ್ತು. ಈ ನಡುವೆ 1876ರಿಂದ 1878ರವರೆಗೆ ಧಾತು ಈಶ್ವರ ಬರ ಬಂತು. ಜನ ಸತ್ತರು, ದನ ಸತ್ತವು. ಎತ್ತು ಇಲ್ಲದವನು ಮಳೆ ಬಂದರೂ ಉಳೋದು ಹೆಂಗೆ? 1884ರಲ್ಲಿ ಸರ್ಕಾರ ರೈತರ ಸಾಲದ ಕಾಯಿದೆ ಮಾಡಿತು. ಬೀಜಕ್ಕೆ, ಎತ್ತು ಕೊಳ್ಳೋಕೆ ಸಾಲ ಕೊಡೋದು. ಇದನ್ನೇ ನಮ್ಮ ಹಿರಿಯರು ತಕಾವಿ ಅನ್ನೋರು. ಇಲ್ಲಿ ಒಂದು ವಿಷಯ ಗಮನಿಸಬೇಕು. ತಕಾವಿ ಕೊಟ್ಟದ್ದು ಸತ್ತ ಎತ್ತಿನ ಬದಲು ಹೊಸ ಎತ್ತು ಕೊಳ್ಳೋಕೆ. ಇರೋ ಎತ್ತನ್ನು ಉಳಿಸಿಕೊಳ್ಳೋ ಖರ್ಚು ಆಗಲೂ ರೈತನ ಮನೆಯದೇ.

ಸರ್ಕಾರ ಕಾಯಿಲೆಗೆ ಕೈ ಹಾಕಿದ್ದು ದೊಡ್ಡರೋಗದಿಂದ. ಬೇರೆ ದೇಶದಲ್ಲೂ ಹಿಂಗೇ ಆಯ್ತು. ಫ್ರಾನ್ಸ್ ದೇಶದ ಲಿಯಾನ್ ಊರಲ್ಲಿ ಪ್ರಪಂಚದ ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಹುಟ್ಟಿತು. ದನದ ಮಾರಿ ತಡೆಯಬೇಕು ಅನ್ನೋದು ಅದಕ್ಕೆ ಒಂದು ದೊಡ್ಡ ಕಾರಣ. ನಮ್ಮ ದೇಶದಲ್ಲಿ ದನದ ಮಾರಿಗಳ ಮೇಲೆ ಒಂದು ಆಯೋಗ ಕೂತು 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆ ಶುರುವಾಗಿ, ನಾಲ್ಕು ವರ್ಷದ ಮೇಲೆ ಹಿಮಾಲಯದ ಕಡೆ ಮುಕ್ತೇಶ್ವರಕ್ಕೆ ಹೋಯ್ತು. ನಮ್ಮ ಮದ್ರಾಸ್ ಪ್ರಾಂತ್ಯಕ್ಕೆ 1903ರಲ್ಲಿ ಮದ್ರಾಸಿನ ವೇಪೇರಿಯಲ್ಲಿ ಪಶುವೈದ್ಯ ಕಾಲೇಜು ಬಂತು. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ ದೇಶದಲ್ಲೆಲ್ಲ ದೊಡ್ಡರೋಗಕ್ಕೆ ಲಸಿಕೆ ಹಾಕೋ ಕಾರ್ಯಕ್ರಮ ಶುರುವಾಯ್ತು. ನಾನು ಹುಡುಗನಾಗಿದ್ದಾಗ ಊರ ಮುಂದೆ ದನ ಸಾಲು ನಿಲ್ಲಿಸಿ ಸೂಜಿ ಹಾಕಿದ್ದು ನೆನಪಿದೆ. ಒಂದು ಕಾಸು ತಗೊಳ್ಳಲಿಲ್ಲ. 2006ರಲ್ಲಿ ನಮ್ಮ ದೇಶ ಆ ರೋಗದಿಂದ ಮುಕ್ತ ಅಂತ ಆಯ್ತು, 2011ರಲ್ಲಿ ಪ್ರಪಂಚವೇ ಮುಕ್ತ ಅಂತ ಸಾರಿದರು. ಮನುಷ್ಯರ ಸಿಡುಬು ಬಿಟ್ಟರೆ ಭೂಮಿ ಮೇಲಿಂದ ಪೂರ್ತಿ ಹೋದ ರೋಗ ಇದೊಂದೇ. ಸಾವಿರಾರು ವರ್ಷ ಮಾರಿಗೆ ಪಟ್ಟಿ ಹಾಕಿದರೂ ಹೋಗದ್ದು, ಎಲ್ಲರ ತೆರಿಗೆ ದುಡ್ಡಲ್ಲಿ ಹೋಯ್ತು.

ಕುರಿಗೂ ಹಂಗೇ ಆಯ್ತು. ಮಳೆ ಬಿದ್ದು ಹೊಸ ಹುಲ್ಲು ಬಂದಾಗ ಕೊಬ್ಬಿದ ಕುರಿ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆಗೆ ಸತ್ತು ಬಿದ್ದಿರೋದು. ಕರುಳುಬೇನೆ ಅಂತೀವಿ, ತೆಲುಗಿನವರು ಚಿಟುಕು ರೋಗ ಅಂತಾರೆ. ಚಿಟಿಕೆ ಹೊಡೆಯೋದರೊಳಗೆ ಪ್ರಾಣ ಹೋಗುತ್ತೆ ಅಂತ. ಕರುಳಲ್ಲಿ ಮೊದಲೇ ಇದ್ದ ಕ್ರಿಮಿ, ಮೇವು ದಿಢೀರ್ ಬದಲಾದಾಗ ಹೆಚ್ಚಿ ವಿಷ ಬಿಡುತ್ತೆ. ಬಂದ ಮೇಲೆ ಉಳಿಸೋದು ಬಹಳ ಕಷ್ಟ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕ್ತಾರೆ. ಸರ್ಕಾರದ ದನದ ಆಸ್ಪತ್ರೆ ಬಂತು. 2022ರಲ್ಲಿ ನಮ್ಮ ಆಂಧ್ರದಲ್ಲಿ 1962 ನಂಬರಿಗೆ ಫೋನ್ ಮಾಡಿದರೆ ಬರೋ ಪಶು ಆರೋಗ್ಯದ ಗಾಡಿಗಳೂ ಬಂದವು. ಕಷ್ಟಪಟ್ಟು ಕಟ್ಟಿದ ವ್ಯವಸ್ಥೆ ಇದು, ಸಣ್ಣದಲ್ಲ.

ಆದರೆ ಇದೆಲ್ಲ ಕಟ್ಟಿದ್ದು ಎತ್ತು, ಎಮ್ಮೆ, ಕುರಿ, ಮೇಕೆ, ಕೋಳಿಗೆ. ಈ ಲೆಕ್ಕದಲ್ಲಿ ಮನೆಯ ಮೊಲ ಎಲ್ಲಿದೆ?

ನಮ್ಮಲ್ಲಿ ಮೊಲ ಅಂದರೆ ಹೊಲದ ಮೊಲ. ವಿಜಯನಗರ ಕಟ್ಟಿದ ಕಥೆಯಲ್ಲಿ ಬೇಟೆನಾಯಿಯನ್ನೇ ತಿರುಗಿ ಅಟ್ಟಿದ ಮೊಲ ಅದು. ಮಗ ತಂದ ಬಿಳಿ ಮೊಲ ಅದರ ಜಾತಿಯೇ ಅಲ್ಲ. ಹೊಲದ ಮೊಲದ ಮರಿ ಹುಟ್ಟುವಾಗಲೇ ಮೈ ತುಂಬ ಕೂದಲು, ಕಣ್ಣು ಬಿಟ್ಟಿರುತ್ತೆ. ಸಾಕು ಮೊಲದ ಮರಿ ಬರಿಮೈ, ಕುರುಡು. ಅದರ ಮೂಲ ಯೂರೋಪಿನ ಸ್ಪೇನ್ ಕಡೆ. ನಮ್ಮ ದೇಶದಲ್ಲಿ ರಾಜಸ್ಥಾನದ ಅವಿಕಾನಗರದ ಕುರಿ ಸಂಶೋಧನಾ ಸಂಸ್ಥೆಯವರು ಮಾಂಸಕ್ಕೆ, ಉಣ್ಣೆಗೆ ಅಂತ ಇದರ ಸಾಕಣೆ ಬೆಳೆಸಿದರು. ಕೊಡೈಕಾನಲ್ ಹತ್ತಿರ ಮನ್ನವನೂರಿನಲ್ಲಿ ಅವರ ದಕ್ಷಿಣದ ಕೇಂದ್ರ ಉಂಟು. ಕುರಿಯವರೇ ಮೊಲವನ್ನೂ ನೋಡಿದ್ದರಿಂದಲೋ ಏನೋ, ಮೊಲ ಅಂದರೆ ಸಣ್ಣ ಕುರಿ ಅಂತ ನಮಗೂ ಅನ್ನಿಸಿಬಿಡುತ್ತೆ. ನನ್ನ ತಪ್ಪು ಆಗಿದ್ದು ಅಲ್ಲೇ.

ಮೊಲದ ಹೊಟ್ಟೆ ಕುರಿಯ ಹೊಟ್ಟೆಯ ಹಂಗಲ್ಲ. ನೋಡಿದರೆ ಅದು ಕುದುರೆಯ ಹೊಟ್ಟೆಗೆ ಹತ್ತಿರ. ಅದು ಮೆಲುಕು ಹಾಕೋದಿಲ್ಲ. ಮೇವು ಹುಳಿಯೋದು ಹಿಂದಿನ ಕರುಳಿನ ದೊಡ್ಡ ಚೀಲದಲ್ಲಿ. ಅಲ್ಲಿ ತಯಾರಾದ ಮೆತ್ತನೆ ಹಿಕ್ಕೆಯನ್ನು ಮೊಲ ತಾನೇ ತಿಂದು ಎರಡನೇ ಸಲ ಅರಗಿಸುತ್ತೆ. ನೋಡಿದವರು ಅಸಹ್ಯ ಪಡಬಾರದು, ಅದಕ್ಕೆ ಅದೇ ಮೆಲುಕು. ಇನ್ನೊಂದು, ಮೊಲಕ್ಕೆ ವಾಂತಿ ಆಗೋದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ಅದಕ್ಕೆ ಕರುಳು ಯಾವಾಗಲೂ ನಡೀತಾ ಇರಬೇಕು. ಅದನ್ನು ನಡೆಸೋದು ನಾರು, ಅಂದರೆ ಹುಲ್ಲು. ಹುಲ್ಲು ಕಮ್ಮಿಯಾಗಿ ಹಿಟ್ಟು, ಸಿಹಿ ಜಾಸ್ತಿ ಆದರೆ ಕರುಳು ನಿಧಾನ ಆಗುತ್ತೆ, ಗಾಳಿ ತುಂಬುತ್ತೆ, ನೋವಿಗೆ ಮೊಲ ಮೇವು ಬಿಡುತ್ತೆ, ಮೇವು ಬಿಟ್ಟದ್ದಕ್ಕೆ ಕರುಳು ಇನ್ನೂ ನಿಲ್ಲುತ್ತೆ. ಗಾಣದ ಎತ್ತು ಸುತ್ತಿದ ಹಂಗೆ ಸುತ್ತಿ ಸುತ್ತಿ ಸಾವಿಗೆ ಬರುತ್ತೆ. ನಮ್ಮ ಮಲ್ಲಿಗೆ ನಾವೆಲ್ಲ ಪ್ರೀತಿಯಿಂದ ಬಿಸ್ಕತ್ತು ಕೊಟ್ಟು ಇದನ್ನೇ ಮಾಡಿದ್ದು.

ಈಗ ಊರಲ್ಲಿ ನಾಲ್ಕಾರು ಮನೆಯಲ್ಲಿ ಮಕ್ಕಳು ಮೊಲ ಸಾಕಿದ್ದಾರೆ. ಅದಕ್ಕೆ ಡಾಕ್ಟರು ಹೇಳಿದ್ದನ್ನು ಬರೆದಿಡ್ತೀನಿ. ಮೊಲದ ಮುಖ್ಯ ಊಟ ಹುಲ್ಲು, ಒಣಹುಲ್ಲು, ಗರಿಕೆ. ನೀರು ಯಾವಾಗಲೂ ಇರಬೇಕು. ಮೇವು ಬದಲಾಯಿಸೋದಾದರೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ. ಬೆಳಿಗ್ಗೆ ಎದ್ದ ಕೂಡಲೆ ಹಿಕ್ಕೆ ನೋಡಬೇಕು. ಹಿಕ್ಕೆ ಸಣ್ಣದಾಯ್ತು, ಕಮ್ಮಿಯಾಯ್ತು ಅಂದರೆ ಅದೇ ಮೊದಲ ಸುದ್ದಿ. ಅರ್ಧ ದಿನ ಮೇವು ಮುಟ್ಟಲಿಲ್ಲ, ಹಿಕ್ಕೆ ಇಲ್ಲ ಅಂದರೆ ಅದು ತುರ್ತು, ನಾಳೆ ಅನ್ನಬಾರದು. ಹೊಟ್ಟೆ ಬಿಗಿದು ಮೈ ತಣ್ಣಗಾಗಿದ್ದರೆ ಇನ್ನೂ ಜೋರು. ಬಟ್ಟೆ ಸುತ್ತಿ ಬೆಚ್ಚಗೆ ಇಟ್ಟು ಡಾಕ್ಟರ ಹತ್ತಿರ ಹೊರಡಬೇಕು. ಹೊಟ್ಟೆ ಬಿಗಿದಿದ್ದಾಗ ಬಲವಂತವಾಗಿ ಬಾಯಿಗೆ ಏನೂ ಹಾಕಬಾರದು, ನಾನು ಎಣ್ಣೆ ಹಾಕಿದ ಹಂಗೆ. ಮನುಷ್ಯರ ಮಾತ್ರೆ, ಕುರಿಯ ಮಾತ್ರೆ ಬೇಡವೇ ಬೇಡ. ಪೆನಿಸಿಲಿನ್ ಜಾತಿಯ ಔಷಧಿ ಬಾಯಲ್ಲಿ ಕೊಟ್ಟರೆ ಕರುಳಿನ ಒಳ್ಳೆ ಕ್ರಿಮಿ ಸತ್ತು ಮೊಲವೇ ಸಾಯಬಹುದು.

ಇನ್ನು ದುಡ್ಡಿನ ಮಾತು. ಜಾನುವಾರು ವಿಮೆ ಅಂತ ಇದೆಯಲ್ಲ, ಅದರಲ್ಲಿ ಮೊಲ ಇದೆಯಾ ಅಂತ ಕೇಳಿದೆ. ಇದೆ. ಕೇಂದ್ರ ಸರ್ಕಾರದ ಜಾನುವಾರು ಮಿಷನ್ ಬಂದ 2014ರ ಸುಮಾರಿಗೆ ಕುರಿ, ಮೇಕೆ, ಹಂದಿಯ ಜೊತೆ ಮೊಲವನ್ನೂ ವಿಮೆಗೆ ಸೇರಿಸಿದರು. ಹತ್ತು ಸಣ್ಣ ಪ್ರಾಣಿ ಸೇರಿದರೆ ಒಂದು ಹಸುವಿನ ಲೆಕ್ಕ. ಸಾಕಿ ಮಾರುವವರಿಗೆ ಒಳ್ಳೇದೇ. ಆದರೆ ವಿಮೆ ದುಡ್ಡು ಬರೋದು ಪ್ರಾಣಿ ಸತ್ತ ಮೇಲೆ. 1884ರ ತಕಾವಿಯೂ ಎತ್ತು ಸತ್ತ ಮೇಲೆಯೇ ಬರ್ತಿತ್ತು. ನೂರನಲವತ್ತು ವರ್ಷ ಆದರೂ, ಜೀವ ಇರುವಾಗ ರಾತ್ರಿ ಹತ್ತು ಗಂಟೆಗೆ ಆಟೋಕ್ಕೆ ಬೇಕಾದ ಸಾವಿರ ರೂಪಾಯಿ ಎಲ್ಲಿಂದ ಅನ್ನೋ ಪ್ರಶ್ನೆ ಹಂಗೇ ಉಳಿದಿದೆ.

ಲಂಡನ್ ಪಟ್ಟಣದಲ್ಲಿ 1917ರಲ್ಲಿ, ಮೊದಲ ಮಹಾಯುದ್ಧ ನಡೀತಾ ಇರುವಾಗ, ಮಾರಿಯಾ ಡಿಕಿನ್ ಅನ್ನೋ ಹೆಣ್ಣುಮಗಳು ವೈಟ್‌ಚಾಪೆಲ್ ಅನ್ನೋ ಬಡವರ ಕೇರಿಯಲ್ಲಿ ಒಂದು ನೆಲಮನೆಯಲ್ಲಿ ಪ್ರಾಣಿಗಳ ಔಷಧಾಲಯ ತೆಗೆದಳು. ದುಡ್ಡಿಲ್ಲದವರ ಪ್ರಾಣಿಗೆ ಬಿಟ್ಟಿ ಔಷಧಿ. ದಾನದ ದುಡ್ಡಲ್ಲಿ ನಡೆಯೋ ಆ ಸಂಸ್ಥೆ ಈಗಲೂ ಇದೆ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಅಂಥ ದೊಡ್ಡ ಪಟ್ಟಣದಲ್ಲೂ ಬಡವನ ಮನೆ ಬೆಕ್ಕಿಗೆ, ನಾಯಿಗೆ ದುಡ್ಡು ಯಾರದು ಅನ್ನೋ ಜಗಳ ಇತ್ತು. ನಾವೊಬ್ಬರೇ ಅಲ್ಲ.

ಒಂದು ಮಾತು ಒಪ್ಪಿಕೊಳ್ತೀನಿ. ಮನೆಯಲ್ಲಿ ಮನುಷ್ಯರ ಔಷಧಿಗೇ ಸಾಲ ಮಾಡೋ ಕಾಲದಲ್ಲಿ ಮೊಲಕ್ಕೆ ಎಷ್ಟು ಅಂತ ಖರ್ಚು ಮಾಡೋದು ಅನ್ನೋರ ಮಾತು ಸುಳ್ಳಲ್ಲ. ನನ್ನ ಮಗ ಬಿಸಿಲಲ್ಲಿ ಇಟ್ಟಿಗೆ ಹೊತ್ತು ದುಡಿಯೋನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಲೆಕ್ಕ ಮೊಲ ತರುವ ದಿನ ಹಾಕಬೇಕಿತ್ತು. ಕಾಯಿಲೆ ಬಿದ್ದ ರಾತ್ರಿ ಹಾಕಿದೆವು. ಹೊಟ್ಟೆಯ ಕಾಯಿಲೆಯಲ್ಲಿ ಎರಡು ಗಂಟೆ ಮಾತಾಡಿದರೆ ಆ ಎರಡು ಗಂಟೆ ಪ್ರಾಣಿಯ ಆಯಸ್ಸಿನಿಂದ ಹೋಗುತ್ತೆ. ಇಷ್ಟರವರೆಗೆ ಕೊಡಬಲ್ಲೆವು, ಇದಕ್ಕಿಂತ ಆಗೋದಿಲ್ಲ ಅಂತ ಮೊದಲೇ ಗೊತ್ತಿದ್ದರೆ, ಡಾಕ್ಟರಿಗೂ ಅದನ್ನೇ ಬಾಯಿ ಬಿಟ್ಟು ಹೇಳಬಹುದು. ಅವರು ಅಷ್ಟರಲ್ಲಿ ಏನಾಗುತ್ತೋ ಮಾಡ್ತಾರೆ. ಉಳಿಯೋ ಹಂಗಿಲ್ಲದಿದ್ದರೆ ನೋವಾದರೂ ಕಮ್ಮಿ ಮಾಡ್ತಾರೆ.

ಮಲ್ಲಿ ಹೋದ ಮೇಲೆ ಮೊಮ್ಮಗಳು ಒಂದು ಹಾರ್ಲಿಕ್ಸ್ ಡಬ್ಬಕ್ಕೆ ತೂತು ಮಾಡಿ ‘ಬೆಳ್ಳಿ ಆಸ್ಪತ್ರೆ’ ಅಂತ ಕನ್ನಡದಲ್ಲಿ ಬರೆದು ಅಂಟಿಸಿದಳು. ನಾನು ಭಜನೆಗೆ ಹೋದಾಗ ಬಂದ ದಕ್ಷಿಣೆಯಲ್ಲಿ ಹತ್ತಿಪ್ಪತ್ತು ಹಾಕ್ತಿದ್ದೆ. ಮಗನೂ ಬಂದಾಗ ಹಾಕಿದ. ಆರು ತಿಂಗಳಿಗೆ ಸಾವಿರದ ಇನ್ನೂರು ಆಗಿತ್ತು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅವಳು ಓಡಿ ಬಂದು “ತಾತ, ಹಿಕ್ಕೆ ಕಮ್ಮಿ ಐತೆ, ಗರಿಕೆ ಮುಟ್ಟಿಲ್ಲ” ಅಂದಳು. ಯಾರನ್ನೂ ಕೇಳಲಿಲ್ಲ. ಡಬ್ಬ ತಗೊಂಡು ಹೊರಟೆವು. ಇನ್ನೂ ಉಬ್ಬರ ಬಂದಿರಲಿಲ್ಲ. ನೋವಿಗೆ ಸೂಜಿ, ನೀರು, ಅರೆದ ಮೇವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ತಿನ್ನಿಸೋದು ಹೇಳಿಕೊಟ್ಟರು. ಏಳುನೂರು ಆಯ್ತು. ಮಾರನೇ ದಿನ ಮಧ್ಯಾಹ್ನ ಗೂಡಿನಲ್ಲಿ ನಾಲ್ಕು ಹಿಕ್ಕೆ ಬಿದ್ದಿತ್ತು. ಅವಳು ಅದನ್ನು ಎಣಿಸಿ ಊರಿಗೆಲ್ಲ ಹೇಳಿ ಬಂದಳು.

ನಮ್ಮ ಹಿರಿಯರು ಮಾರಿಗೆ ಪಟ್ಟಿ ಹಾಕಿದರು, ದೇವರ ಎತ್ತಿಗೆ ಕುಲವೆಲ್ಲ ಸೇರಿ ಕೊಟ್ಟರು. ಕೈವೈದ್ಯನಿಗೆ ಮಾತ್ರ ಆಯ ಕೊಡೋದು ಮರೆತರು. ಈಗ ನಾವು ಆ ಮರೆತದ್ದನ್ನು ಸರಿ ಮಾಡಬಹುದು ಅಂತ ನನ್ನ ಯೋಚನೆ. ಓದುವ ಮನೆಯಲ್ಲಿ ಒಂದು ಡಬ್ಬ ಇಡೋಣ. ಮೊಲಕ್ಕೊಂದೇ ಅಲ್ಲ, ವಿಧವೆಯರ ಮನೆ ಮೇಕೆಗೆ, ಒಂಟಿ ಮುದುಕರ ಹಸುವಿಗೆ, ರಾತ್ರಿ ಹೊತ್ತು ಹೊಟ್ಟೆ ಉಬ್ಬಿದರೆ ಗಾಡಿ ಬಾಡಿಗೆಗೆ ಅಂತ. ತಗೊಂಡವರು ಸುಗ್ಗಿಯಲ್ಲಿ ವಾಪಸ್ಸು ಹಾಕಲಿ. ಗೋಡೆ ಮೇಲೆ 1962 ನಂಬರು, ದನದ ಆಸ್ಪತ್ರೆಯ ಹೊತ್ತು ದೊಡ್ಡದಾಗಿ ತೆಲುಗು, ಕನ್ನಡ ಎರಡರಲ್ಲೂ ಬರೆಸೋಣ. ಲೆಕ್ಕ ಬರೆಯೋಕೆ ಮೇಷ್ಟ್ರುಗಳು ಒಪ್ಪಬೇಕು. ಮೊದಲ ನೂರು ರೂಪಾಯಿ ನನ್ನದು, ಮುಂದಿನ ಹುಣ್ಣಿಮೆ ಭಜನೆ ದಿನ ತಂದು ಕೊಡ್ತೀನಿ. ಬರೆದದ್ದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.